ಹಂದಿಯ ಪಿಟ್ಯುಟರಿ ಗ್ರಂಥಿಯ ಬಳಿ ಹಾರ್ಮೋನುಗಳು ಅಭಿಧಮನಿಯಿಂದ ಅಪಧಮನಿಗೆ ದಾಟುವುದು ನಿಜವೇ?

ಪ್ರಾಣಿಶಾಸ್ತ್ರ ಬೋಧಕಿ:
ಗ್ರಂಥಿಯಲ್ಲಿ ಸ್ರವಿಸಿದ ಹಾರ್ಮೋನು ಅಭಿಧಮನಿಯನ್ನು ಸೇರಿ, ಹೃದಯ ಮತ್ತು ಶ್ವಾಸಕೋಶಗಳನ್ನು ಹಾದು, ಅಪಧಮನಿಗಳ ಮೂಲಕ ಮಿದುಳನ್ನು ತಲುಪುತ್ತದೆ ಎಂದು ಪದವಿ ತರಗತಿಯಲ್ಲಿ ಕಲಿಸುತ್ತೇವೆ. ಆದರೆ ಹಂದಿಯಲ್ಲಿ ಸಂತಾನೋತ್ಪತ್ತಿಗೆ ಸಂಬಂಧಿಸಿದ ಕೆಲವು ಹಾರ್ಮೋನುಗಳು ಈ ಸುತ್ತನ್ನು ಬಿಟ್ಟು, ಮಿದುಳಿನ ಬುಡದಲ್ಲಿಯೇ ಒಂದು ನಾಳದಿಂದ ಇನ್ನೊಂದಕ್ಕೆ ದಾಟುತ್ತವೆ ಎಂದು ಓದಿದೆ. ಅಪಧಮನಿಯ ದಪ್ಪ ಗೋಡೆಯನ್ನು ದಾಟಿ ಹಾರ್ಮೋನು ಒಳಗೆ ಹೋಗುವುದು ಹೇಗೆ ಸಾಧ್ಯ? ಇದನ್ನು ಯಾರಾದರೂ ಪ್ರಯೋಗದಿಂದ ತೋರಿಸಿದ್ದಾರೆಯೇ?

ಪಶುವೈದ್ಯ, ಹಾಸನ:
ಮೇಡಂ, ಮೊದಲು ಆ ಜಾಗದ ರಚನೆಯನ್ನು ಗಮನಿಸಬೇಕು. ಹಂದಿಯಲ್ಲಿ ಕತ್ತಿನ ದೊಡ್ಡ ಅಪಧಮನಿಯಾದ ಕ್ಯಾರೋಟಿಡ್‌ನಿಂದ ಮಿದುಳಿಗೆ ಹೋಗುವ ರಕ್ತವು ಒಂದೇ ನಾಳದಲ್ಲಿ ನೇರವಾಗಿ ಸಾಗುವುದಿಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಅಕ್ಕಪಕ್ಕದಲ್ಲಿ ಅಪಧಮನಿಯು ಅಸಂಖ್ಯ ಸಣ್ಣ ಕವಲುಗಳ ಜಾಲವಾಗಿ ಒಡೆದು, ಮತ್ತೆ ಒಂದುಗೂಡಿ ಮಿದುಳಿನತ್ತ ಹೋಗುತ್ತದೆ. ಈ ಜಾಲವನ್ನು ರೀಟೆ ಮಿರಾಬಿಲೆ ಎನ್ನುತ್ತಾರೆ. ಇದು ಇರುವುದು ಕ್ಯಾವರ್ನಸ್ ಸೈನಸ್ ಎಂಬ ಅಭಿಧಮನಿ ಕೋಶದ ನಡುವೆ. ಪಿಟ್ಯುಟರಿಯಿಂದಲೂ ಮೂಗಿನ ಒಳಪದರದಿಂದಲೂ ಹೊರಬರುವ ರಕ್ತ ಆ ಕೋಶವನ್ನು ಸೇರುತ್ತದೆ. ಅಂದರೆ ನೀವು ಹೇಳುವ ದಪ್ಪ ಗೋಡೆ ಇಲ್ಲಿ ತೆಳ್ಳಗಾಗಿದೆ, ಸಂಪರ್ಕದ ಮೇಲ್ಮೈ ಬಹಳ ಹೆಚ್ಚಿದೆ, ಮತ್ತು ಎರಡು ರಕ್ತಗಳು ಬೆರೆಯದೆಯೇ ಒಂದಕ್ಕೊಂದು ಹತ್ತಿರದಲ್ಲಿ ಹರಿಯುತ್ತವೆ. ಅಭಿಧಮನಿಯ ಕಡೆ ಸಾಂದ್ರತೆ ಹೆಚ್ಚಿದ್ದರೆ ಒಂದು ಪಾಲು ಅಪಧಮನಿಯ ಕಡೆಗೆ ವಿಸರಿಸುತ್ತದೆ. ಇದೇ ಜಾಲದಲ್ಲಿ, ಮೂಗಿನಲ್ಲಿ ತಂಪಾದ ರಕ್ತವು ಮಿದುಳಿಗೆ ಹೋಗುವ ರಕ್ತದ ಬಿಸಿಯನ್ನು ಇಳಿಸುತ್ತದೆ ಎಂಬುದನ್ನು 1960ರ ದಶಕದಲ್ಲಿಯೇ ಕುರಿಗಳಲ್ಲಿ ತೋರಿಸಲಾಗಿತ್ತು. ಬಿಸಿ ದಾಟಬಲ್ಲ ಕಡೆ ಅಣುವೂ ದಾಟಬಹುದೇ ಎಂಬುದು ಸಹಜವಾದ ಮುಂದಿನ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಪೋಲೆಂಡಿನ ಓಲ್ಷ್ಟಿನ್ ನಗರದ ತದೇವುಷ್ ಕ್ಷಿಮೊವ್‌ಸ್ಕಿ ಮತ್ತು ಅವರ ತಂಡದವರು. ವಿಕಿರಣಶೀಲ ಗುರುತು ಹಾಕಿದ ಹಾರ್ಮೋನನ್ನು ಕ್ಯಾವರ್ನಸ್ ಸೈನಸ್‌ಗೆ ಹರಿಸಿ, ಮಿದುಳಿಗೆ ಹೋಗುವ ಅಪಧಮನಿಯ ರಕ್ತದಲ್ಲಿ ಆ ಗುರುತು ಕಾಣುತ್ತದೆಯೇ ಎಂದು ನೋಡುವುದು ಅವರ ವಿಧಾನ. ದೇಹದಿಂದ ಬೇರ್ಪಡಿಸಿ, ಹೊರಗಿನಿಂದ ರಕ್ತ ಹರಿಸಿದ ತಲೆಯ ಮೇಲೂ ಇದನ್ನು ಮಾಡಿದರು. ಅಲ್ಲಿ ಹೃದಯ, ಶ್ವಾಸಕೋಶಗಳೇ ಇಲ್ಲವಾದ್ದರಿಂದ ಹಾರ್ಮೋನು ಸುತ್ತಿಕೊಂಡು ಬಂದಿರಬಹುದೆಂಬ ಆಕ್ಷೇಪಕ್ಕೆ ಎಡೆಯಿರಲಿಲ್ಲ. ಪ್ರೊಜೆಸ್ಟರಾನ್, ಟೆಸ್ಟೊಸ್ಟೆರಾನ್‌ಗಳಂಥ ಸ್ಟೀರಾಯ್ಡ್‌ಗಳು ಕೊಬ್ಬಿನಲ್ಲಿ ಕರಗುವುದರಿಂದ ಅವು ದಾಟಿದ್ದು ಅಷ್ಟೇನೂ ಅಚ್ಚರಿಯಲ್ಲ. ಪಿಟ್ಯುಟರಿಯಿಂದ ಸಂತಾನೋತ್ಪತ್ತಿ ಹಾರ್ಮೋನುಗಳನ್ನು ಬಿಡಿಸುವ ಮಿದುಳಿನ ಹಾರ್ಮೋನಾದ, ಹತ್ತು ಅಮೈನೋ ಆಮ್ಲಗಳ ಪೆಪ್ಟೈಡ್ ಜಿಎನ್‌ಆರ್‌ಎಚ್ ಕೂಡ ದಾಟಿತು ಎಂಬುದು, ಮತ್ತು ಆ ದಾಟುವಿಕೆ ಬೆದೆಯ ಚಕ್ರದ ಎಲ್ಲ ಹಂತಗಳಲ್ಲಿ ಒಂದೇ ಸಮನಾಗಿರಲಿಲ್ಲ ಎಂಬುದು, ನನ್ನ ಮಟ್ಟಿಗೆ ಈ ಕೆಲಸದ ಅತ್ಯಂತ ಕುತೂಹಲಕರ ಭಾಗ. ಕೇವಲ ಸೋರಿಕೆಯಾಗಿದ್ದರೆ ಅದು ಸುಮಾರು 21 ದಿನಗಳ ಚಕ್ರವನ್ನು ಅನುಸರಿಸಬೇಕಾದ ಕಾರಣವಿರಲಿಲ್ಲ.

ಶರೀರಕ್ರಿಯಾ ಸಂಶೋಧಕ:
ವೈದ್ಯರ ವಿವರಣೆ ಸರಿಯಾಗಿದೆ, ಆದರೆ ಒಂದು ಎಚ್ಚರಿಕೆ ಅಗತ್ಯ. ಪ್ರಯೋಗದಲ್ಲಿ ಹಾರ್ಮೋನನ್ನು ಸೈನಸ್‌ಗೇ ಹರಿಸಿದಾಗ ಸಾಂದ್ರತೆಯ ವ್ಯತ್ಯಾಸವನ್ನು ನಾವೇ ಸೃಷ್ಟಿಸಿರುತ್ತೇವೆ. ಅಂಡಾಶಯದ ಪ್ರೊಜೆಸ್ಟರಾನ್ ಸಹಜ ಸ್ಥಿತಿಯಲ್ಲಿ ಇಡೀ ದೇಹದ ರಕ್ತಪರಿಚಲನೆಯ ಮೂಲಕವೇ ತಲೆಗೆ ಬರುವುದರಿಂದ, ಅಪಧಮನಿಗಿಂತ ಸೈನಸ್‌ನಲ್ಲಿ ಅದು ಹೆಚ್ಚಿರಲು ಸ್ಪಷ್ಟ ಕಾರಣವಿಲ್ಲ. ವ್ಯತ್ಯಾಸವೇ ಇಲ್ಲದಿದ್ದರೆ ನಿವ್ವಳ ವರ್ಗಾವಣೆಯೂ ಇರದು. ಆದ್ದರಿಂದ ಈ ಒಳದಾರಿಯನ್ನು ಅಲ್ಲಿಯೇ ಹುಟ್ಟುವ ಅಥವಾ ಅಲ್ಲಿಯೇ ಒಳಸೇರುವ ವಸ್ತುಗಳ ವಿಷಯದಲ್ಲಿ ಮಾತ್ರ ಗಂಭೀರವಾಗಿ ಪರಿಗಣಿಸಬೇಕು ಎಂಬುದು ನನ್ನ ಅಭಿಪ್ರಾಯ. ಪಿಟ್ಯುಟರಿಯ ಸ್ರಾವಗಳು ಒಂದು ಉದಾಹರಣೆ. ಇನ್ನೊಂದು, ಗಂಡು ಹಂದಿಯ ಜೊಲ್ಲಿನಲ್ಲಿರುವ ಆಂಡ್ರೋಸ್ಟೆನಾಲ್ ಎಂಬ ಫೆರೋಮೋನ್ (ಅದೇ ಜಾತಿಯ ಇನ್ನೊಂದು ಪ್ರಾಣಿಗೆ ಸಂಕೇತ ನೀಡುವ ರಾಸಾಯನಿಕ): ಹೆಣ್ಣು ಹಂದಿಯ ಮೂಗಿನ ಒಳಪದರದಲ್ಲಿ ಅದು ಹೀರಲ್ಪಟ್ಟು, ಸೈನಸ್ ಸೇರಿ, ಜಾಲದ ಮೂಲಕ ಮಿದುಳು ಮತ್ತು ಪಿಟ್ಯುಟರಿಯನ್ನು ತಲುಪುವುದನ್ನು ಓಲ್ಷ್ಟಿನ್ ತಂಡವೇ ತೋರಿಸಿದೆ. ವಾಸನೆಯ ನರವಲ್ಲದೆ ರಕ್ತದ ಮೂಲಕವೂ ಫೆರೋಮೋನ್ ಕೆಲಸ ಮಾಡಬಹುದೆಂಬ ವಾದ ಹುಟ್ಟಿದ್ದು ಇಲ್ಲಿಂದ.

ಪ್ರಾಣಿಶಾಸ್ತ್ರ ಬೋಧಕಿ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಗಂಡು ಹಂದಿಯ ಎದುರು ಹೆಣ್ಣು ಅಲುಗಾಡದೆ ನಿಲ್ಲುವುದಕ್ಕೂ ಈ ರಕ್ತಮಾರ್ಗವೇ ಕಾರಣವೇ? ಮನುಷ್ಯರಲ್ಲಿ ಇಂಥ ಜಾಲವಿದೆಯೇ?

ಪಶುವೈದ್ಯ, ಹಾಸನ:
ನಿಲ್ಲುವ ಪ್ರತಿಕ್ರಿಯೆ ಕ್ಷಣಗಳಲ್ಲಿ ಬರುವಂಥದ್ದು. ಅದಕ್ಕೆ ನರಮಾರ್ಗವೇ ಹೆಚ್ಚು ಒಪ್ಪುವ ವಿವರಣೆ. ರಕ್ತದ ಮೂಲಕ ತಲುಪುವ ಅಂಶಕ್ಕೆ ಪಾತ್ರವಿದ್ದರೆ ಅದು ನಿಧಾನವಾಗಿ, ಹಾರ್ಮೋನು ಸ್ರಾವದ ಮೇಲೆ ಆಗುವ ಪರಿಣಾಮವಿರಬೇಕು. ಮನುಷ್ಯರಲ್ಲಿ ಈ ಜಾಲವಿಲ್ಲ. ಪ್ರಾಚೀನ ವೈದ್ಯ ಗೇಲನ್ ಪ್ರಾಣಿಗಳನ್ನು ಕೊಯ್ದು ನೋಡಿ ಅದು ನಮ್ಮಲ್ಲಿಯೂ ಇದೆಯೆಂದು ಬರೆದಿದ್ದನ್ನು 1543ರಲ್ಲಿ ಅಂಗರಚನಾ ಶಾಸ್ತ್ರಜ್ಞ ವೆಸಾಲಿಯಸ್ ಅಲ್ಲಗಳೆದರು. ನಮ್ಮ ಕ್ಯಾವರ್ನಸ್ ಸೈನಸ್‌ನೊಳಗೂ ಕ್ಯಾರೋಟಿಡ್ ಹಾದುಹೋಗುತ್ತದೆ, ಆದರೆ ದಪ್ಪ ಗೋಡೆಯ ಒಂದೇ ನಾಳವಾಗಿ. ಕುರಿ, ಮೇಕೆ, ದನಗಳಲ್ಲಿ ಜಾಲವಿದೆ. ಇಲಿ, ಮೊಲಗಳಲ್ಲಿ ಇಲ್ಲ. ಪ್ರಯೋಗಾಲಯದ ಇಲಿಯಲ್ಲಿ ಕಂಡದ್ದನ್ನು ಹಂದಿಗೂ, ಹಂದಿಯಲ್ಲಿ ಕಂಡದ್ದನ್ನು ಮನುಷ್ಯನಿಗೂ ಅನ್ವಯಿಸುವ ಮೊದಲು ತರಗತಿಯಲ್ಲಿ ಈ ವ್ಯತ್ಯಾಸವನ್ನು ಒಂದು ಚಿತ್ರ ಬರೆದು ತೋರಿಸಿದರೆ ವಿದ್ಯಾರ್ಥಿಗಳಿಗೆ ಅನುಕೂಲವಾದೀತು.