ಬ್ಯಾಂಜೊದ ಚರ್ಮ ಬಿಗಿಸುವ ಬಳೆಗೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಮನೆಯಲ್ಲೇ ಒಂದು ಬ್ಯಾಂಜೊ ಮಾಡುತ್ತಿದ್ದೇನೆ. ಅದರ ಭಾಗಗಳ ಹೆಸರನ್ನೆಲ್ಲ ಕನ್ನಡದಲ್ಲಿ ಬರೆದಿಡುವ ಆಸೆ. ಎರಡು ಕಡೆ ಮಾತು ಸಿಗುತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಇದು ನಮ್ಮ ಕಡೆಯ ಮೆರವಣಿಗೆಗಳಲ್ಲಿ ಕೇಳುವ ಬ್ಯಾಂಜೊ ಅಲ್ಲ. ಅದು ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ, ಜಪಾನಿನ ತೈಶೋಗೊತೊದಿಂದ ಬಂದದ್ದು. ನನ್ನದು ಅಮೆರಿಕದ 5 ತಂತಿಯದು. ಆಫ್ರಿಕಾದಿಂದ ಗುಲಾಮರಾಗಿ ಹೋದವರು ಸೋರೆಬುರುಡೆಗೆ ಚರ್ಮ ಹೊದಿಸಿ ಮಾಡಿಕೊಂಡ ವಾದ್ಯವೇ ಅದರ ಮೂಲ.

ಕಟ್ಟಿಗೆ ಬಳೆಗೆ ಚರ್ಮ ಹೊದಿಸಿದ ಹಳೆಯ ದಮ್ಮಡಿ ವಾದ್ಯವೊಂದು ಇದರ ಒಡಲು, ಸಾಗವಾನಿ ಕಟ್ಟಿಗೆಯದು ದಂಡಿ. ದಂಡಿ, ಬಿರಡೆ, ಮೆಟ್ಟಿಲು, ಇವಕ್ಕೆಲ್ಲ ವೀಣೆಯ ಮಾತೇ ಸಾಕು. ತಂತಿಗಳನ್ನು ಹೊತ್ತು ನಿಲ್ಲುವ 'ಕುದುರೆ'ಯಂತೂ ಬಹಳ ಚೆನ್ನಾಗಿ ಹೊಂದಿದೆ. ಬ್ಯಾಂಜೊದ ಕುದುರೆಯನ್ನು ಅಂಟಿಸುವುದಿಲ್ಲ, ತಂತಿಯ ಒತ್ತಡಕ್ಕೇ ಚರ್ಮದ ಮೇಲೆ ನಿಲ್ಲುತ್ತದೆ. 12ನೇ ಮೆಟ್ಟಿಲಿನಿಂದ ಎರಡೂ ಕಡೆ ಅಳತೆ ಸಮ ಬರುವಂತೆ ಸರಿಸಿದರೆ ಸ್ವರ ಕೂಡುತ್ತದೆ. ಕುದುರೆ ಸರಿಸು, ಕುದುರೆ ನಿಲ್ಲಿಸು, ಕುದುರೆ ಬಿತ್ತು, ಎಲ್ಲವೂ ಸಲೀಸಾಗಿ ಬಾಯಿಗೆ ಬರುತ್ತವೆ.

ತೊಡಕಿರುವುದು ಚರ್ಮದ ಹತ್ತಿರ. ಮೊದಲು ಅಂಚಿಗೆ ಮೊಳೆ ಹೊಡೆದು ಕೂರಿಸಿದ್ದೆ. ಮಳೆ ಹಿಡಿದ ಕೂಡಲೇ ಚರ್ಮ ತೇವಕ್ಕೆ ಇಳಿಯಿತು. ಅದರ ಜೊತೆ ಕುದುರೆಯೂ ತಗ್ಗಿ, ತಂತಿ ಮೆಟ್ಟಿಲಿಗೆ ತಾಗಿ ಗರಗರ ಅನ್ನತೊಡಗಿತು. ಬಡಿಯುವ ಹಲಗೆ ವಾದ್ಯವಾದರೆ ಬೆಂಕಿಗೆ ಹಿಡಿದು ಕಾಯಿಸಬಹುದು. ದಂಡಿ, ತಂತಿ ಸಮೇತ ಇದನ್ನು ಹಿಡಿಯೋದು ಹೇಗೆ? ಹಾಗಾಗಿ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಬಾಗಿಸಿ ಒಂದು ಬಳೆ ಮಾಡಿಸಿದೆ. ಅದು ಚರ್ಮದ ಅಂಚಿನ ಮೇಲೆ ಕೂರುತ್ತದೆ. ಸುತ್ತಲೂ ಕೊಕ್ಕೆ ಬೋಲ್ಟು. ನಟ್ಟು ತಿರುಗಿಸಿದಷ್ಟೂ ಬಳೆಯನ್ನು ಕೆಳಗೆ ಜಗ್ಗಿ ಚರ್ಮ ಏರಿಸುತ್ತವೆ. ಎದುರುಬದುರಿನ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಒಂದೇ ಕಡೆ ಜಾಸ್ತಿಯಾದರೆ ಬಳೆ ಓರೆಯಾಗುತ್ತದೆ. ಈಗ ದನಿ ಗಟ್ಟಿಯಾಗಿ, ಖಣಖಣ ಬರುತ್ತಿದೆ.

ಈ ಬಳೆಗೆ ಹೆಸರೇನು? ಅಂಗಡಿಯವರು 'ರಿಂಗು' ಅಂದರು. ಬರೀ 'ಬಳೆ' ಅಂದರೆ ದಮ್ಮಡಿಯ ಕಟ್ಟಿಗೆ ಬಳೆಯೋ ಇದೋ ತಿಳಿಯುವುದಿಲ್ಲ, ಅಲ್ವಾ? 'ಬಿಗಿಬಳೆ' ಅಂತ ನಾವೇ ಕಟ್ಟಬಹುದು. ಆದರೆ ಬ್ಯಾಂಡಿನ ಡ್ರಮ್ಮಿಗೂ ಇಂಥದೇ ಬಳೆ ಇರುತ್ತದೆ. ಅದನ್ನು ರಿಪೇರಿ ಮಾಡುವವರ ಬಾಯಲ್ಲಿ ಒಂದು ಮಾತಿದ್ದರೆ ನನಗೆ ಅದೇ ಬೇಕು.

ಇನ್ನೊಂದು, ಕ್ರಿಯಾಪದ. ತಂತಿಗೆ ಶ್ರುತಿ ಮಾಡುತ್ತೇವೆ, ಹಲಗೆ ಕಾಯಿಸುತ್ತೇವೆ. ನಟ್ಟು ತಿರುಗಿಸಿ ಚರ್ಮವನ್ನು ಹದಕ್ಕೆ ತರುವುದಕ್ಕೆ ಏನನ್ನೋಣ? 'ಬಿಗಿಸು' ಅಂದರೆ ಕಿವಿಗೆ ನಟ್ಟಷ್ಟೇ ಕೇಳಿಸುತ್ತದೆ. ನಾನು ಸುಮ್ನೆ 'ಏರಿಸು' ಅಂತ ಬಳಸುತ್ತಿದ್ದೇನೆ. ಸೇಡಂ, ಚಿಂಚೋಳಿ, ಬೀದರ್, ಯಾದಗಿರಿ ಕಡೆಯ ಭಜನೆಯವರು, ಡೊಳ್ಳಿನವರು ಏನನ್ನುತ್ತಾರೆ? ಕೇಳಿದ್ದನ್ನು ಕೇಳಿದ ಹಾಗೇ, ಊರಿನ ಹೆಸರಿನ ಜೊತೆ ಬರೆಯಿರಿ.