ಗ್ರಂಥಾಲಯದಲ್ಲಿ ಮರಿ ಮಾಡಿಸಿದವರು ಯಾರಾದರೂ ಇದ್ದೀರಾ?

ಕೇಳಿದವರು: ಮುಂಬಯಿಯ ಶಿಕ್ಷಕಿ

ನಮ್ಮದು ಮುಂಬಯಿ ಉಪನಗರದ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆ. ಗ್ರಂಥಾಲಯದ ಹೊಣೆ ನನ್ನದು. ಮೂರು, ನಾಲ್ಕನೆಯ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಕೋಳಿಯನ್ನು ಕಂಡಿರುವುದು ಅಂಗಡಿಯ ಪಂಜರದಲ್ಲಿ ಮಾತ್ರ. ಜನವರಿಯಲ್ಲಿ ಗ್ರಂಥಾಲಯದ ಮೂಲೆಯಲ್ಲಿ ಹನ್ನೆರಡು ಮೊಟ್ಟೆ ಇಟ್ಟು ಮರಿ ಮಾಡಿಸಬೇಕೆಂದಿದ್ದೇನೆ. ಕಾವು ಕೊಡುವ ಯಂತ್ರ ಕೊಳ್ಳಲೇ? ಭಾನುವಾರ ಯಾರು ನೋಡಿಕೊಳ್ಳುವುದು? ಪುಸ್ತಕಗಳಿಗೆ ತೊಂದರೆಯಾಗುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಪುಣೆ, ಚಿಂಚವಡದಿಂದ

ಟೀಚರ್, ನಾನು ಮೂರು ಬಾರಿ ಮಾಡಿಸಿದ್ದೇನೆ. ಮೊದಲ ಬಾರಿ ಹನ್ನೆರಡರಲ್ಲಿ ಬಂದದ್ದು ಎರಡೇ ಮರಿ. ಏಳು ಗೊಡ್ಡು. ಉಳಿದ ಮೂರನ್ನು ಕೊಂದದ್ದು ನಾನೇ; ಆ ಕಥೆ ಆಮೇಲೆ ಹೇಳುತ್ತೇನೆ.

ಅಂಗಡಿಯ ಬಿಳಿ ಮೊಟ್ಟೆಯಿಂದ ಮರಿ ಬರುವುದಿಲ್ಲ. ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಹುಂಜದ ಜೊತೆ ತಿರುಗಾಡುವ ಹೇಂಟೆಯ ಮೊಟ್ಟೆ ಬೇಕು, ಇಟ್ಟು ಒಂದು ವಾರ ದಾಟಿರಬಾರದು. ‘ಗಾವಠಿ’ (ನಾಟಿ) ಎಂದು ಕೂಗಿ ಮಾರುವುದನ್ನೆಲ್ಲ ನಂಬಬೇಡಿ, ನಾನು ನಂಬಿದ್ದಕ್ಕೇ ಆ ಏಳು ಗೊಡ್ಡು. ನಿಮಗೆ ಗೋರೆಗಾಂವಿನ ಆರೆ ಕಾಲೊನಿಯಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ, ಅಲ್ಲಿ ವಿಚಾರಿಸಿ. ಲೋಕಲ್ ರೈಲಿನಲ್ಲಿ ಕುಲುಕಿ ಬಂದ ಮೊಟ್ಟೆಗಳನ್ನು ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಹಾಗೆಯೇ ಬಿಡಿ, ಆಮೇಲೆ ಕಾವಿಗೆ ಇಡಿ.

ಮೊಟ್ಟೆಯನ್ನು ಸೋಮವಾರ ಇಡಬೇಡಿ, ಮಂಗಳವಾರ ಇಡಿ. 21 ದಿನ ಎಂದರೆ ಸರಿಯಾಗಿ ಮೂರು ವಾರ, ಮಂಗಳವಾರ ಇಟ್ಟರೆ ಮಂಗಳವಾರವೇ ಮರಿ. ಸೋಮವಾರ ಇಟ್ಟರೆ ಆತುರದ ಮರಿಗಳು ಭಾನುವಾರ ಬೀಗ ಹಾಕಿದ ಕೋಣೆಯಲ್ಲಿ ಹುಟ್ಟುತ್ತವೆ. ಮಂಗಳವಾರ ಇಟ್ಟರೆ 18ನೆಯ ದಿನ ಶನಿವಾರ ಬೀಳುತ್ತದೆ. ಅಂದಿನಿಂದ ಮೊಟ್ಟೆ ಹೊರಳಿಸುವುದು ನಿಲ್ಲಿಸಬೇಕು, ಹೀಗಾಗಿ ಕೊನೆಯ ಭಾನುವಾರ ಯಾರೂ ಬರಬೇಕಾಗಿಲ್ಲ. ಅದಕ್ಕೂ ಮುಂಚಿನ ಎರಡು ಭಾನುವಾರಗಳಿಗೆ ಸಿಪಾಯಿಯನ್ನು ಒಪ್ಪಿಸಿಕೊಳ್ಳಿ.

ತಾನೇ ಹೊರಳಿಸುವ ಯಂತ್ರವೂ ಸಿಗುತ್ತದೆ, ಆದರೆ ಕೈಯಿಂದ ಹೊರಳಿಸುವುದೇ ಚೆಂದ. ನಮ್ಮ ಮಕ್ಕಳು ಪೆನ್ಸಿಲಿನಲ್ಲಿ ಮೊಟ್ಟೆಯ ಒಂದು ಮಗ್ಗುಲಿಗೆ ‘ಹ’, ಇನ್ನೊಂದಕ್ಕೆ ‘ರಾ’ ಎಂದು ಬರೆದಿದ್ದರು: ಹಗಲು, ರಾತ್ರಿ. ದಿನಕ್ಕೆ ಮೂರು ಬಾರಿ ಹೊರಳಿಸಿದರೆ ಇಂದು ರಾತ್ರಿ ಮೇಲಿದ್ದ ಮಗ್ಗುಲು ನಾಳೆ ರಾತ್ರಿ ಕೆಳಗಿರುತ್ತದೆ. ಎರಡೇ ಬಾರಿಯಾದರೆ ಪ್ರತಿ ರಾತ್ರಿಯೂ ಒಂದೇ ಮಗ್ಗುಲು. (ಹಾಗಾಗಿ ‘ಹ’ ಮತ್ತು ‘ರಾ’ ಎಂಬ ಹೆಸರುಗಳೇ ತಪ್ಪೆಂದು ಒಬ್ಬ ಹುಡುಗಿ ಎರಡನೆಯ ದಿನವೇ ಕಂಡುಹಿಡಿದಳು. ಅಳಿಸಲು ಯಾರಿಗೂ ಮನಸ್ಸಾಗಲಿಲ್ಲ.) ಯಂತ್ರದ ಮೇಲೆ ಗ್ರಂಥಾಲಯದ್ದೇ ‘ಹಿಂದಿರುಗಿಸಬೇಕಾದ ದಿನಾಂಕ’ದ ಚೀಟಿ ಅಂಟಿಸಿ, ಠಸ್ಸೆ ಹೊಡೆದಿದ್ದೆವು.

ಫ್ಯಾನ್ ಇರುವ ಯಂತ್ರದಲ್ಲಿ 37.5 ಡಿಗ್ರಿ ಸಾಕು. ಯಂತ್ರದ ಪರದೆಯ ಅಂಕಿಯನ್ನೇ ನೆಚ್ಚಿಕೊಳ್ಳದೆ ಜ್ವರ ನೋಡುವ ಥರ್ಮಾಮೀಟರ್ ಇಟ್ಟು ತಾಳೆ ನೋಡಿ. ಕರೆಂಟ್ ಹೋದರೆ ಮುಚ್ಚಳ ತೆರೆಯದೆ ಕಂಬಳಿ ಹೊದಿಸಿ. ಒಂದೆರಡು ತಾಸಿನ ತಂಪನ್ನು ಮೊಟ್ಟೆ ತಾಳಿಕೊಳ್ಳುತ್ತದೆ, ಹೆಚ್ಚಿನ ಶಾಖವನ್ನು ತಾಳುವುದಿಲ್ಲ.

ತೇವದ ವಿಷಯದಲ್ಲಿ ಕೈಪಿಡಿಗಳು ದಾರಿ ತಪ್ಪಿಸುತ್ತವೆ. ಮೊದಲ 18 ದಿನ ಶೇ. 45–55, ಆಮೇಲೆ ಶೇ. 65–70 ಬೇಕು. ಮುಂಬಯಿಯ ಮಳೆಗಾಲದ ಗಾಳಿ ಯಂತ್ರದೊಳಗೆ ಕಾದಾಗ ಹೆಚ್ಚುಕಡಿಮೆ ಶೇ. 50ಕ್ಕೆ ತಾನೇ ಬಂದು ನಿಲ್ಲುತ್ತದೆ, ಮೊದಲ 18 ದಿನ ನೀರು ಹಾಕುವುದೇ ಬೇಡ. ಅದೇ ಚಳಿಗಾಲದಲ್ಲಿ ನಮ್ಮ ಪುಣೆಯ ಗಾಳಿ ಶೇ. 15–20ಕ್ಕೆ ಇಳಿದುಬಿಡುತ್ತದೆ. ಜನವರಿಯಾದರೆ ನೀವೂ ನೀರು ಹಾಕಬೇಕು. ತೇವ ಅಳೆಯುವ ಮೀಟರ್ ನೋಡಿಕೊಂಡು ಬೇಕಾದಷ್ಟೇ ಹಾಕಿ. ತೇವ ಅತಿಯಾದರೆ ಮೊಟ್ಟೆಯ ದಪ್ಪ ತುದಿಯ ಗಾಳಿಗೂಡು ಹಿಗ್ಗುವುದಿಲ್ಲ, ಚಿಪ್ಪು ಒಡೆಯುವ ಹೊತ್ತಿಗೆ ಮರಿಗೆ ಉಸಿರು ಸಾಲುವುದಿಲ್ಲ.

ಏಳನೆಯ ದಿನ ಕಿಟಕಿ ಮುಚ್ಚಿ, ರಟ್ಟಿನ ಪೆಟ್ಟಿಗೆಯ ತೂತಿನ ಮೇಲೆ ಮೊಟ್ಟೆ ಇಟ್ಟು, ಒಳಗಿನಿಂದ ಟಾರ್ಚ್ ಬಿಡಿ. ಕೆಂಪು ಬೆಳಕಿನಲ್ಲಿ ನಡುವೆ ಒಂದು ಕಪ್ಪು ಚುಕ್ಕೆ, ಸುತ್ತಲೂ ಎಳೆ ಎಳೆಯಾಗಿ ರಕ್ತನಾಳಗಳು. ‘ಒಳಗೆ ಜೇಡ ಇದೆ’ ಎಂದು ಒಬ್ಬ ಹಿಂದೆ ಸರಿದ. ಆಮೇಲೆ ಜೇಡ ಜಿಗಿಯಿತು. ಮಕ್ಕಳಿಗೆ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಇನ್ನು ಆ ಮೂರರ ಕಥೆ. 20ನೆಯ ದಿನ ಒಂದು ಚಿಪ್ಪು ಬಿರಿಯಿತು. ಹತ್ತು ತಾಸಾದರೂ ಬಿರುಕು ಬೆಳೆಯಲಿಲ್ಲ. ಮಕ್ಕಳು ‘ಪಾಪ, ತೆಗೆಯಿರಿ’ ಎಂದರು, ನಾನು ಚಿಮಟದಿಂದ ಚಿಪ್ಪು ಎಬ್ಬಿಸಿದೆ. ಒಳಪೊರೆಯ ರಕ್ತನಾಳ ಹರಿದು ಮರಿ ನನ್ನ ಅಂಗೈಯಲ್ಲೇ ಸತ್ತಿತು. ಚಿಪ್ಪು ಬಿರಿದ ಮೇಲೂ 12ರಿಂದ 24 ತಾಸು ಮರಿ ಸುಮ್ಮನಿರುತ್ತದೆ. ಹಳದಿಯನ್ನು ಒಳಗೆ ಎಳೆದುಕೊಳ್ಳುತ್ತ, ರಕ್ತವನ್ನು ಪೊರೆಯಿಂದ ಮೈಗೆ ತೆಗೆದುಕೊಳ್ಳುತ್ತ ಇರುತ್ತದೆ. ಇನ್ನೆರಡು ಮರಿಗಳು ನಾನು ಮುಚ್ಚಳ ತೆಗೆದು ಹಾಕುತ್ತಿದ್ದುದರಿಂದ ಪೊರೆ ಒಣಗಿ ಸಿಕ್ಕಿಕೊಂಡವು. ಎರಡನೆಯ ಬಾರಿ ಮುಚ್ಚಳಕ್ಕೆ ಟೇಪ್ ಅಂಟಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಎಂಟು ಬಂದವು.

ಗೋವಾ, ವಾಸ್ಕೊದಿಂದ

ಇಷ್ಟೆಲ್ಲ ಲೆಕ್ಕ ಯಾಕೆ ಅಕ್ಕೋರೆ? ಒಂದು ಹೇಂಟೆ ತನ್ನಿ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಇರುವುದಕ್ಕಿಂತ ಹೋಗುವುದೇ ಹೆಚ್ಚು, ಯಂತ್ರದ ಮಾತೇ ಇರಲಿಲ್ಲ. ಗದಗ ಕಡೆಯ ಒಬ್ಬ ವಿದ್ಯಾರ್ಥಿಯ ತಾಯಿ ಕಾವಿಗೆ ಕುಳಿತ ನಾಟಿ ಹೇಂಟೆಯನ್ನು ಬುಟ್ಟಿಸಮೇತ ತಂದು ಹಳೆಯ ನಿಯತಕಾಲಿಕೆಗಳ ಕಪಾಟಿನ ಕೆಳಗೆ ಕೂರಿಸಿದರು. ಶಾಖ, ತೇವ, ಹೊರಳಿಸುವುದು ಎಲ್ಲ ಅದರದ್ದೇ ಕೆಲಸ. ದಿನಕ್ಕೊಮ್ಮೆ ಕಾಲು ತಾಸು ಎದ್ದು ನುಚ್ಚು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಬಂದು ಕೂರುತ್ತಿತ್ತು. ಕಾವು ಕೂತ ಕೋಳಿಯ ಹಿಕ್ಕೆಯ ವಾಸನೆ ಎಂಥದ್ದೆಂದು ಇಲ್ಲಿ ಬರೆಯುವುದಿಲ್ಲ. ಒಂಬತ್ತು ಮೊಟ್ಟೆಗೆ ಎಂಟು ಮರಿ. ಗಿರಿರಾಜ ತಂದು ಕೂರಿಸಬೇಡಿ, ಆ ತಳಿಗೆ ಕಾವಿನ ಗೊಡವೆಯೇ ಇಲ್ಲ.

ಮುಂಬಯಿ, ಮುಲುಂಡದಿಂದ (ದಾದಿ, ಇಬ್ಬರು ಮಕ್ಕಳ ತಾಯಿ)

ಮರಿಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ, ವಾಂತಿಭೇದಿ ತರುವ ಬ್ಯಾಕ್ಟೀರಿಯಾ ಇರಬಹುದು, ಮರಿ ಎಷ್ಟೇ ಚುರುಕಾಗಿದ್ದರೂ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲಿ, ಮುತ್ತು ಕೊಡುವುದು ಬೇಡ, ಐದು ವರ್ಷದೊಳಗಿನವರು ಮುಟ್ಟುವುದೇ ಬೇಡ. ಡಬ್ಬಿ ಬಿಚ್ಚುವ ಕೋಣೆಯಲ್ಲಿ ಮರಿ ಇಡಬೇಡಿ.

ಚಿಂಚವಡದಿಂದ, ಮತ್ತೊಮ್ಮೆ

ಪುಸ್ತಕದ ವಿಷಯ ಬಿಟ್ಟುಹೋಗಿತ್ತು. ಮೊಟ್ಟೆಯಿಂದ ಏನೂ ತೊಂದರೆಯಿಲ್ಲ. ಮರಿಯ ತುಪ್ಪಳದಿಂದ ಮಾತ್ರ ಗೋಧಿಹಿಟ್ಟಿನಂಥ ಧೂಳು ಏಳುತ್ತದೆ. ನಾಲ್ಕನೆಯ ದಿನಕ್ಕೆ ನಮ್ಮ ಶಬ್ದಕೋಶಗಳೆಲ್ಲ ಬೂದಿ ಬಳಿದುಕೊಂಡಿದ್ದವು. ತುಪ್ಪಳ ಒಣಗಿದೊಡನೆ ಮರಿಗಳನ್ನು ಬೇರೆ ಕೋಣೆಗೆ ಒಯ್ಯಿರಿ, ಬಲ್ಬ್ ಕೆಳಗೆ 35 ಡಿಗ್ರಿ, ವಾರಕ್ಕೆ ಮೂರು ಡಿಗ್ರಿ ಇಳಿಸುತ್ತ ಬನ್ನಿ. ಮರಿಗಳು ಆಮೇಲೆ ಯಾರ ಮನೆಗೆ ಹೋಗುತ್ತವೆ ಎಂಬುದು ಮೊಟ್ಟೆ ಇಡುವ ಮುಂಚೆಯೇ ತೀರ್ಮಾನವಾಗಿರಲಿ. ಅರ್ಧಕ್ಕರ್ಧ ಹುಂಜಗಳಾಗುತ್ತವೆ, ಹುಂಜ ಕೂಗುವುದನ್ನು ಯಾವ ಹೌಸಿಂಗ್ ಸೊಸೈಟಿಯೂ ಸಹಿಸುವುದಿಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಹೇಂಟೆಯ ಆಸೆಯಾಯಿತು, ಆದರೆ ಮುಖ್ಯೋಪಾಧ್ಯಾಯರು ವಾಸನೆಯ ಸಾಲನ್ನೇ ಎರಡು ಬಾರಿ ಓದಿದರು. ಯಂತ್ರವೇ ಗಟ್ಟಿ. ನಮ್ಮ ಸಿಪಾಯಿಯ ಊರು ಜುನ್ನರ. ಅವರ ಅಣ್ಣ ಮರಿಗಳನ್ನು ಒಯ್ಯಲು ಒಪ್ಪಿದ್ದಾರೆ. ಅಲ್ಲಿ ಅವು ಕೊನೆಗೆ ಏನಾಗುತ್ತವೆ ಎಂದು ಮಕ್ಕಳು ಕೇಳಿದರೆ ಸುಳ್ಳು ಹೇಳಬಾರದೆಂದುಕೊಂಡಿದ್ದೇನೆ. ಜನವರಿ 6, ಮಂಗಳವಾರ ಇಡುತ್ತೇನೆ. 27ಕ್ಕೆ ಮರಿ. ಹಿಂದಿನ ದಿನ ರಜೆಯಲ್ಲವೇ ಎಂದು ಮೊದಲು ಗಾಬರಿಯಾಯಿತು, ಆಮೇಲೆ ನೆನಪಾಯಿತು: 26ರ ಬೆಳಗ್ಗೆ ಧ್ವಜಾರೋಹಣಕ್ಕೆ ಹೇಗೂ ಎಲ್ಲರೂ ಬಂದಿರುತ್ತಾರೆ.