‘ಸಮಗ್ರ ಗೃಹ ವಿಮೆ’ ಎಂಬಲ್ಲಿ ‘ಸಮಗ್ರ’ ಸಲ್ಲುತ್ತದೆಯೇ?

ಮಾನ್ಯರೇ,

ಜಯನಗರದ ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಂಘದವರು ಮನೆ ವಿಮೆಯ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟದ ತಿಳಿವಳಿಕೆ ಪತ್ರವೊಂದನ್ನು ಬರೆದುಕೊಡಲು ನನಗೆ ಹೇಳಿದ್ದಾರೆ. ಪಾಲಿಸಿಯ ಇಂಗ್ಲಿಷ್ ಪಠ್ಯವನ್ನೂ ಏಜೆಂಟರು ಕೊಟ್ಟುಹೋದ ಕನ್ನಡ ಕರಪತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದಂತೆ ಹಲವು ಪದಗಳು ತೊಡಕಾಗಿ ಕಂಡವು. ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಶೀರ್ಷಿಕೆಯ ಮೊದಲ ಪದ. ‘ಕಾಂಪ್ರಹೆನ್ಸಿವ್’ ಎಂಬುದನ್ನು ಕರಪತ್ರದಲ್ಲಿ ‘ಸಮಗ್ರ’ ಎಂದು ಕನ್ನಡಿಸಿದ್ದಾರೆ. ಆ ಪದ ಇಲ್ಲಿ ಸಲ್ಲುತ್ತದೆಯೇ, ಸಲ್ಲದಿದ್ದರೆ ಬದಲಿಗೆ ಯಾವುದನ್ನು ಬಳಸಬಹುದು ಎಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಈ ಪ್ರಶ್ನೆ ಎದ್ದದ್ದು ನಿಘಂಟಿನ ಮುಂದೆ ಕುಳಿತಾಗಲ್ಲ. ಮೇಲಿನ ಮಹಡಿಯ ಹಿರಿಯರೊಬ್ಬರು ಕರಪತ್ರ ಹಿಡಿದುಕೊಂಡೇ ನನ್ನನ್ನು ಮನೆಗೆ ಕರೆದೊಯ್ದು, ಬಚ್ಚಲುಮನೆಯ ಆಚೆ ಬದಿಯ ಗೋಡೆಯನ್ನು ತೋರಿಸಿದರು. ಸೊಂಟದ ಎತ್ತರದವರೆಗೆ ತೇವ ಏರಿ, ಬಣ್ಣ ಗುಳ್ಳೆಯೆದ್ದು, ಬೆರಳು ತಾಗಿಸಿದರೆ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. “ಅಲ್ಲಮ್ಮ, ಸಮಗ್ರ ಅಂತ ಬರೆದಿದ್ದಾರಲ್ಲ, ಹಾಗಾದ್ರೆ ಇದೂ ಅದರೊಳಗೆ ಬಂತು ತಾನೆ?” ಎಂದು ಕೇಳಿದರು. ಬರುವುದಿಲ್ಲ ಎಂದು ಹೇಳಬೇಕಾಯಿತು. ಅವರು ಪದವನ್ನು ತಪ್ಪಾಗಿ ಓದಿರಲಿಲ್ಲ. ಕನ್ನಡ ಬಲ್ಲ ಯಾರೇ ಆದರೂ ಹಾಗೆಯೇ ಓದುತ್ತಾರೆ. ಒಬ್ಬ ಕವಿಯ ‘ಸಮಗ್ರ ಕಾವ್ಯ’ ಎಂದು ಅಚ್ಚಾದ ಸಂಪುಟದಲ್ಲಿ ಒಂದು ಕವಿತೆ ಬಿಟ್ಟುಹೋಗಿದ್ದರೂ ಸಂಪಾದಕರನ್ನು ಕೇಳುವ ಹಕ್ಕು ಓದುಗರಿಗೆ ಇರುತ್ತದೆ. ಏನನ್ನೂ ಬಿಟ್ಟಿಲ್ಲ ಎಂಬ ಮಾತನ್ನು ಆ ಪದ ಕೊಟ್ಟುಬಿಟ್ಟಿರುತ್ತದೆ.

ನನಗೆ ತೋರುವಂತೆ ಈ ಪದ ಮನೆ ವಿಮೆಗೆ ಬಂದದ್ದು ವಾಹನ ವಿಮೆಯ ಬಳಕೆಯಿಂದ. ಅಲ್ಲಿ ಕಾನೂನಿನಂತೆ ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಯ ವಿಮೆ, ಮಾತ್ರ. ಅದರ ಜೊತೆಗೆ ಸ್ವಂತ ವಾಹನಕ್ಕಾಗುವ ಹಾನಿಯನ್ನೂ ಸೇರಿಸಿದಾಗ ಅದನ್ನು ‘ಸಮಗ್ರ’ ಎನ್ನುತ್ತಾರೆ, ಬೀದಿಯ ಮಾತಿನಲ್ಲಿ ‘ಫುಲ್ ಇನ್ಶೂರೆನ್ಸ್’ ಎನ್ನುತ್ತಾರೆ. ಅಲ್ಲಿ ಅದು ಥರ್ಡ್ ಪಾರ್ಟಿಯೊಂದಿಗೆ ಹೋಲಿಸಿ ಹೇಳುವ ಮಾತು. ಮನೆ ವಿಮೆಯಲ್ಲಿ ಅಂಥ ಹೋಲಿಕೆ ಇಲ್ಲದಿರುವುದರಿಂದ ‘ಸಮಗ್ರ’ ತನ್ನ ಪೂರ್ಣಾರ್ಥದಲ್ಲೇ ಓದುಗರನ್ನು ತಲುಪುತ್ತದೆ. ವಾಸ್ತವದಲ್ಲಿ ಪಾಲಿಸಿಯೆಂಬುದು ಒಂದು ಪಟ್ಟಿ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ‘ಭಾರತ್ ಗೃಹ ರಕ್ಷಾ’ ಎಂಬ ಮಾದರಿ ಪಾಲಿಸಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ನೆಲ ಕುಸಿತ, ಭೂಕುಸಿತ, ಗಲಭೆ, ಭಯೋತ್ಪಾದನೆ ಹೀಗೆ ಹೆಸರಿಸಿದ ವಿಪತ್ತುಗಳಿಗೆ ರಕ್ಷಣೆ ಇದೆ, ಹೆಸರಿಸದ್ದಕ್ಕೆ ಇಲ್ಲ. ಕಂಪನಿಗಳು ‘ಕಾಂಪ್ರಹೆನ್ಸಿವ್’ ಎಂದು ಮಾರುವುದು ಬಹುಮಟ್ಟಿಗೆ ಈ ಬಗೆಯ ಮೂಲ ಪಟ್ಟಿಗೆ ಕನ್ನಗಳವು, ಒಡವೆ, ವಿದ್ಯುತ್ ಉಪಕರಣಗಳ ಕೆಡುಕು ಮುಂತಾದವನ್ನು ಸೇರಿಸಿದ ಪಾಲಿಸಿಗಳನ್ನು. ಪಟ್ಟಿ ಉದ್ದವಾಗುತ್ತದೆಯೇ ಹೊರತು ಅದು ಪಟ್ಟಿಯಾಗಿಯೇ ಉಳಿಯುತ್ತದೆ. ಆದ್ದರಿಂದ ‘ವಿಸ್ತೃತ ಮನೆ ವಿಮೆ’ ಎಂಬುದು ಹೆಚ್ಚು ಪ್ರಾಮಾಣಿಕವಾದ ಪದವೆಂದು ನನ್ನ ಅನಿಸಿಕೆ. ವಿಸ್ತರಿಸಿದ್ದಕ್ಕೂ ಒಂದು ಎಲ್ಲೆ ಇರುತ್ತದೆ ಎಂಬ ಸೂಚನೆ ಅದರಲ್ಲಿದೆ.

‘ಗೃಹ’ದ ಬದಲು ‘ಮನೆ’ ಎಂದು ಬರೆದದ್ದಕ್ಕೂ ಕಾರಣವಿದೆ. ಬ್ಯಾಂಕಿನಲ್ಲಿ ಗೃಹ ಸಾಲದೊಂದಿಗೆ ಮಾಡಿಸುವ ವಿಮೆಯನ್ನು, ಅಂದರೆ ಸಾಲಗಾರ ತೀರಿಕೊಂಡರೆ ಉಳಿದ ಸಾಲವನ್ನು ತೀರಿಸುವ ವಿಮೆಯನ್ನು, ಎಷ್ಟೋ ಮಂದಿ ‘ಗೃಹ ವಿಮೆ’ ಎಂದೇ ತಿಳಿದಿದ್ದಾರೆ. ಅದು ಜೀವಕ್ಕೆ ಮಾಡಿಸಿದ ವಿಮೆ. ಕಟ್ಟಡಕ್ಕೆ ಬೆಂಕಿ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಮತ್ತೆ ಆ ಗೋಡೆಗೆ ಬರುತ್ತೇನೆ. ನೀರಿನ ವಿಷಯದಲ್ಲಿ ಮಾದರಿ ಪಾಲಿಸಿ ಎರಡು ಬೇರೆ ಮಾತುಗಳನ್ನು ಆಡುತ್ತದೆ. ನೀರಿನ ಟ್ಯಾಂಕು, ಪೈಪುಗಳ ವಿಷಯದಲ್ಲಿ ಅವು ಒಡೆಯುವುದು ಮತ್ತು ತುಂಬಿ ಹರಿಯುವುದು ಎಂದಿದೆ. ಸೋರುವುದು ಎಂಬರ್ಥದ ಪದ ಬರುವುದು ಬೆಂಕಿ ಆರಿಸಲು ಚಾವಣಿಯಲ್ಲಿ ಅಳವಡಿಸುವ ಸ್ವಯಂಚಾಲಿತ ಸ್ಪ್ರಿಂಕ್ಲರ್ ವ್ಯವಸ್ಥೆಯ ವಿಷಯದಲ್ಲಿ. ಕರಪತ್ರದವರು ಇವೆಲ್ಲವನ್ನೂ ‘ನೀರಿನ ಸೋರಿಕೆಯಿಂದಾಗುವ ಹಾನಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಪೈಪು ಒಡೆಯುತ್ತದೆ, ಟ್ಯಾಂಕು ತುಂಬಿ ಚೆಲ್ಲುತ್ತದೆ, ಚಾವಣಿ ಸೋರುತ್ತದೆ, ನಲ್ಲಿ ತೊಟ್ಟಿಕ್ಕುತ್ತದೆ, ಗೋಡೆ ಜಿನುಗುತ್ತದೆ, ಬಂಡೆ ಒಸರುತ್ತದೆ. ಮೊದಲ ಎರಡು ಒಮ್ಮೆಗೇ ಘಟಿಸುವಂಥವು, ವಿಮೆಯ ಒಳಗೆ ಬರುವಂಥವು. ತಿಂಗಳುಗಟ್ಟಲೆ ಜಿನುಗಿ ಗೋಡೆ ಹಾಳಾದರೆ ಅದು ನಿರ್ವಹಣೆಯ ಲೆಕ್ಕಕ್ಕೆ ಹೋಗುತ್ತದೆ. ವಿಮೆಯವರು ಹಣ ಕೊಡುವುದೋ ಬಿಡುವುದೋ ಎಂಬುದು ಈ ಕ್ರಿಯಾಪದಗಳ ನಡುವಿನ ವ್ಯತ್ಯಾಸದ ಮೇಲೆಯೇ ನಿಂತಿರುವಾಗ, ‘ಸೋರಿಕೆ’ ಎಂಬ ಒಂದೇ ನಾಮಪದದಲ್ಲಿ ಎಲ್ಲವನ್ನೂ ಅಡಗಿಸಿದರೆ ಓದುಗರಿಗೆ ಅನ್ಯಾಯವಾಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

‘ಪ್ರವಾಹ’ದ್ದು ಇನ್ನೊಂದು ತೊಡಕು. ಇಂಗ್ಲಿಷಿನಲ್ಲಿ ‘ಫ್ಲಡ್’ ಮತ್ತು ‘ಇನಂಡೇಶನ್’ ಎಂಬ ಎರಡು ಪದಗಳಿವೆ. ಕರಪತ್ರದಲ್ಲಿ ಎರಡಕ್ಕೂ ಸೇರಿ ‘ಪ್ರವಾಹ’ ಎಂದಿದೆ. ಕೃಷ್ಣಾ, ಭೀಮಾ ತೀರದವರಿಗೆ ಆ ಪದ ಸಾಕು. ಬೆಂಗಳೂರಿನವರಿಗೆ ಅದು ತಮ್ಮ ಮಾತೆನಿಸುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಿದಾಗ ಯಾವ ನದಿಯೂ ಉಕ್ಕಿರಲಿಲ್ಲ. ಕೆರೆ ಕೋಡಿ ಬಿದ್ದು, ರಾಜಕಾಲುವೆ ಹಿಡಿಸಲಾರದೆ, ಮನೆಗಳಿಗೆ ನೀರು ನುಗ್ಗಿತ್ತು. ‘ಇನಂಡೇಶನ್’ಗೆ ‘ಮುಳುಗಡೆ’ ಎನ್ನೋಣವೆಂದರೆ ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಪದವಾಗಿ ನಿಂತುಬಿಟ್ಟಿದೆ. ‘ಜಲಾವೃತ’ ಎಂಬುದು ವಿಶೇಷಣ, ಘಟನೆಯ ಹೆಸರಲ್ಲ. ಪತ್ರಿಕೆಗಳು ದಿನವೂ ಬರೆಯುವ ‘ನೀರು ನುಗ್ಗುವುದು’ ಎಂಬುದನ್ನೇ ಇಟ್ಟು ‘ಪ್ರವಾಹ ಅಥವಾ ಮನೆಗೆ ನೀರು ನುಗ್ಗುವುದು’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರು ಮುಳುಗಿದರೆ ಅದು ವಾಹನ ವಿಮೆಯ ವಿಷಯ ಎಂಬುದನ್ನೂ ಕೆಳಗೆ ಸೇರಿಸಿದ್ದೇನೆ.

ಒಂದು ಕಡೆ ಮಾತ್ರ ಕನ್ನಡ ತಾನಾಗಿಯೇ ನೆರವಿಗೆ ಬಂದಿತು. ಇಲ್ಲಿನ ಪೊಲೀಸ್ ಠಾಣೆಗಳಲ್ಲಿ ಬೀಗ ಒಡೆದೋ ಕಿಟಕಿಯ ಸರಳು ಬಗ್ಗಿಸಿಯೋ ಒಳಹೊಕ್ಕು ಕದ್ದರೆ ‘ಕನ್ನಗಳವು’ ಎಂದೂ ಹಾಗಲ್ಲದೆ ಕದ್ದರೆ ಬರೀ ‘ಕಳವು’ ಎಂದೂ ಬರೆಯುತ್ತಾರೆ. ಬರ್ಗ್ಲರಿ ವಿಮೆಗಳಲ್ಲಿ ಸಾಮಾನ್ಯವಾಗಿ ಕೇಳುವುದೂ ಬಲಪ್ರಯೋಗದಿಂದ ಒಳನುಗ್ಗಿದ ಗುರುತನ್ನೇ. ತೆರೆದ ಬಾಗಿಲಿನಿಂದ ಬಂದವರು ಮೇಜಿನ ಮೇಲಿನ ಮೊಬೈಲು ಎತ್ತಿಕೊಂಡು ಹೋದರೆ ಅದು ಕಳವು, ಕನ್ನಗಳವಲ್ಲ. ಕರಪತ್ರದಲ್ಲಿರುವ ‘ಕಳ್ಳತನ’ ಎಂಬ ಸಡಿಲ ಪದವನ್ನು ಬಿಟ್ಟು ಠಾಣೆಯ ಈ ಹಳೆಯ ಪದವನ್ನೇ ಬಳಸಲು ತೀರ್ಮಾನಿಸಿದ್ದೇನೆ. ಮೂಲ ಮಾದರಿ ಪಾಲಿಸಿಯಲ್ಲಂತೂ ಕಳವಿಗೆ ರಕ್ಷಣೆ ಇರುವುದು ಬೆಂಕಿ, ಪ್ರವಾಹದಂಥ ವಿಪತ್ತು ಘಟಿಸಿ, ಅದರ ಕಾರಣದಿಂದ, ಏಳು ದಿನಗಳ ಒಳಗೆ ನಡೆದರೆ ಮಾತ್ರ.

ಇನ್ನು ‘ಆವರೇಜ್’. ವಿಮೆಯವರ ಭಾಷೆಯಲ್ಲಿ ಇದಕ್ಕೆ ಸರಾಸರಿ ಎಂಬ ಅರ್ಥವಿಲ್ಲ, ಆದರೂ ಕರಪತ್ರದಲ್ಲಿ ‘ಸರಾಸರಿ ನಿಯಮ’ ಎಂದು ಅಚ್ಚಾಗಿದೆ. 40 ಲಕ್ಷ ರೂಪಾಯಿಗೆ ಮಾಡಿಸಬೇಕಾದ ಕಡೆ 20 ಲಕ್ಷಕ್ಕೆ ಮಾಡಿಸಿ, ಆಮೇಲೆ 4 ಲಕ್ಷದ ಹಾನಿಯಾದರೆ, 2 ಲಕ್ಷವಷ್ಟೇ ಕೊಡುವ ಪದ್ಧತಿಗೆ ಆ ಹೆಸರು. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವನ್ನು ಕೈಬಿಟ್ಟಿದ್ದಾರೆ ಎಂಬ ಒಳ್ಳೆಯ ಸುದ್ದಿಯು ‘ಸರಾಸರಿ ನಿಯಮ ಅನ್ವಯಿಸುವುದಿಲ್ಲ’ ಎಂಬ ವಾಕ್ಯದಲ್ಲಿ ಯಾರಿಗೂ ತಲುಪುವುದಿಲ್ಲ. ‘ಪ್ರಮಾಣಾನುಸಾರ ಕಡಿತ’ ಎಂದು ಬರೆದಿದ್ದೇನೆ. ಇದಕ್ಕಿಂತ ಹಗುರವಾದ ಪದ ಬೇಕು.

‘ವಿಮಾ ಮೊತ್ತ’ ಎಂಬ ಪದದಲ್ಲಿ ದೋಷವಿಲ್ಲ, ಅದನ್ನು ಲೆಕ್ಕ ಹಾಕುವಲ್ಲಿ ಜನ ಎಡವುತ್ತಾರೆ. ನಮ್ಮ ಊರಿನಲ್ಲಿ ಮನೆಯ ಬೆಲೆ ಎಂದರೆ ಬಹುಪಾಲು ನಿವೇಶನದ ಬೆಲೆ. ವಿಮೆಯಾದರೋ ಕಟ್ಟಡಕ್ಕೆ ಮಾತ್ರ, ಅದೂ ಕಾರ್ಪೆಟ್ ಏರಿಯಾವನ್ನು, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ನೆಲದ ವಿಸ್ತೀರ್ಣವನ್ನು, ಈಗಿನ ಕಟ್ಟುವ ಖರ್ಚಿನಿಂದ ಗುಣಿಸಿದ ಮೊತ್ತಕ್ಕೆ. ಸಾವಿರ ಚದರಡಿಗೆ, ಅಡಿಗೆ 2,500 ರೂಪಾಯಿ ಎಂದು ಹಿಡಿದರೆ 25 ಲಕ್ಷವಾಯಿತು. ಮಾದರಿ ಪಾಲಿಸಿಯಲ್ಲಿ ಅದರ ಶೇಕಡಾ 20ರಷ್ಟು, ಅಂದರೆ 5 ಲಕ್ಷ, ಮನೆಯ ಸಾಮಾನುಗಳಿಗೆ ತಾನಾಗಿಯೇ ಸೇರುತ್ತದೆ. ಇದಕ್ಕೆ ಗರಿಷ್ಠ ಮಿತಿ 10 ಲಕ್ಷ. ಒಡವೆಯಂಥ ಬೆಲೆಬಾಳುವ ವಸ್ತುಗಳು ಈ ಸಾಮಾನುಗಳಲ್ಲಿ ಸೇರುವುದಿಲ್ಲ, ಅವನ್ನು ಬೇರೆಯಾಗಿ ಬರೆಸಬೇಕು. ಆದ್ದರಿಂದ ‘ಕಂಟೆಂಟ್ಸ್’ಗೆ ‘ಮನೆಯೊಳಗಿನ ಸ್ವತ್ತು’ ಎನ್ನದೆ ‘ಮನೆ ಸಾಮಾನು’ ಎಂದೇ ಬರೆಯುವುದು ಮೇಲು, ಏಕೆಂದರೆ ಚಿನ್ನವನ್ನು ನಾವು ಯಾರೂ ಸಾಮಾನು ಎನ್ನುವುದಿಲ್ಲ.

ಉಳಿದ ಪದಗಳಲ್ಲಿ ನನಗೆ ತಕರಾರಿಲ್ಲ. ‘ವಿಸ್ತೃತ’ ಮತ್ತು ‘ಪ್ರಮಾಣಾನುಸಾರ ಕಡಿತ’ ಇವೆರಡರ ಬಗ್ಗೆ, ವಿಶೇಷವಾಗಿ ವಿಮಾ ಕಚೇರಿಗಳಲ್ಲಿ ದುಡಿದ ಹಿರಿಯರು ಕನ್ನಡದಲ್ಲಿ ಗ್ರಾಹಕರಿಗೆ ಬಾಯಿಮಾತಿನಲ್ಲಿ ಹೇಗೆ ವಿವರಿಸುತ್ತಿದ್ದರು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಸಂಘದ ತಿಳಿವಳಿಕೆ ಪತ್ರ ಈ ತಿಂಗಳ ಕೊನೆಯಲ್ಲಿ ಅಚ್ಚಿಗೆ ಹೋಗಲಿದೆ.